ರಜೆ ಹಾಕಿದರೆ ಪಗಾರ ಹಿಡಿಯಬೇಡಿ: ದಾವಣಗೆರೆಯ ಅಂಗಡಿ ಮಾಲೀಕರಿಗೂ ಕಾರ್ಮಿಕ ಇಲಾಖೆಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ಕೌಂಟರ್ ನೋಡಿಕೊಳ್ಳುವವಳು. ಮೊದಲು ಸಣ್ಣ ಅಂಗಡಿಯಲ್ಲಿದ್ದೆ, ಈಗ ದೊಡ್ಡ ಶೋರೂಮಿನಲ್ಲಿದ್ದೇನೆ. ಯಾವ ಅಂಗಡಿ ಅಂತ ಬರೆಯುವುದಿಲ್ಲ. ಒಬ್ಬ ಮಾಲೀಕರ ಮೇಲೆ ದೂರು ಹೇಳುವುದು ನನ್ನ ಉದ್ದೇಶ ಅಲ್ಲ. ಮಂಡಿಪೇಟೆಯಲ್ಲಿ ಕೇಳಿ, ಚೌಕಿಪೇಟೆಯಲ್ಲಿ ಕೇಳಿ, ಅಶೋಕ ರಸ್ತೆ, ಪಿ.ಬಿ. ರಸ್ತೆಯಲ್ಲಿ ಕೇಳಿ, ಕೌಂಟರ್ ಹಿಂದೆ ನಿಂತವರು ಹೇಳುವುದು ಹೆಚ್ಚುಕಮ್ಮಿ ಇದನ್ನೇ.

ನಾನು ಕೇಳುವುದು ಒಂದೇ. ನಮ್ಮ ರಜೆಯ ಲೆಕ್ಕ ಬರವಣಿಗೆಯಲ್ಲಿ ಇರಲಿ. ಎಷ್ಟು ದಿನ ದುಡಿದೆವು, ಅದಕ್ಕೆ ಎಷ್ಟು ರಜೆ ಬಂತು, ಎಷ್ಟು ತಗೊಂಡೆವು, ಎಷ್ಟು ಉಳಿಯಿತು ಅಂತ ಒಂದು ಕಾರ್ಡಿನಲ್ಲಿ ಬರೆದು ನಮ್ಮ ಕೈಗೆ ಕೊಡಿ. ಆ ಕಾರ್ಡಿನಲ್ಲಿ ಇರುವಷ್ಟು ದಿನಕ್ಕೆ ಪಗಾರ ಹಿಡಿಯಬೇಡಿ.

ಈಗ ಹೇಗಿದೆ ಅಂತ ಹೇಳುತ್ತೇನೆ. ಕ್ಯಾಶ್ ಕೌಂಟರಿನ ಕೆಳಗೆ ಉದ್ದನೆಯ ಹಾಜರಿ ಪುಸ್ತಕ ಇರುತ್ತದೆ. ಬಂದ ದಿನ ನೀಲಿ ಶಾಯಿಯಲ್ಲಿ ನಮ್ಮ ಸಹಿ. ಬಾರದ ದಿನ ಕೆಂಪು ಶಾಯಿಯಲ್ಲಿ ‘ಎ’. ಇವೆರಡು ಬಿಟ್ಟರೆ ಅದರಲ್ಲಿ ಮೂರನೆಯ ಗುರುತೇ ಇಲ್ಲ. ಜ್ವರ ಬಂದು ಮಲಗಿದರೂ ‘ಎ’. ಮನೆಯಲ್ಲಿ ಹಿರಿಯರು ತೀರಿಕೊಂಡು ಊರಿಗೆ ಹೋದರೂ ‘ಎ’. ವಾರದ ಮುಂಚೆಯೇ ಹೇಳಿ, ಒಪ್ಪಿಗೆ ತಗೊಂಡು ಹೋದರೂ ‘ಎ’. ತಿಂಗಳ ಕೊನೆಗೆ ಎಷ್ಟು ‘ಎ’ ಬಿದ್ದಿವೆಯೋ ಅಷ್ಟು ದಿನದ ದುಡ್ಡು ಹೋಗುತ್ತದೆ. ಪಗಾರದ ಕವರಿನ ಹಿಂದೆ ಪೆನ್ಸಿಲ್ಲಿನಲ್ಲಿ ಸಣ್ಣಗೆ ಬರೆದಿರುತ್ತಾರೆ: ಮೇಲೆ 12,000, ಅದರ ಕೆಳಗೆ 800, ಒಂದು ಗೆರೆ, ಆಮೇಲೆ 11,200. ಯಾಕೆ ಅಂತ ಕೇಳಿದರೆ, ‘ಎರಡು ದಿನ ಬಂದಿಲ್ಲ ಅಲ್ವಾ’ ಅಂತಾರೆ. ಮಾತು ಅಲ್ಲಿಗೆ ಮುಗಿಯಿತು.

ಸೀಸನ್ನಿನಲ್ಲಿ ಇನ್ನೂ ಕಷ್ಟ. ಯುಗಾದಿ, ದೀಪಾವಳಿ ಹತ್ತಿರ ಬಂದಾಗ, ಮದುವೆ ಜವಳಿ ಜೋರಾಗಿರುವಾಗ ಒಂದು ದಿನ ತಪ್ಪಿದರೆ ಎರಡು ದಿನದ್ದು ಹಿಡಿಯುವ ಅಂಗಡಿಗಳಿವೆ. ಅದಕ್ಕೆ ಡಬಲ್ ಕಟ್ ಅಂತ ಹೆಸರು. ವಾರದ ರಜೆಗೆ ಹೊಂದಿಕೊಂಡಂತೆ ಒಂದು ದಿನ ಜಾಸ್ತಿ ತಗೊಂಡರೆ ಆ ವಾರದ ರಜೆಯನ್ನೂ ಸೇರಿಸಿ ಕತ್ತರಿಸುವವರೂ ಇದ್ದಾರೆ. ಇದನ್ನೆಲ್ಲ ಯಾರೂ ಕಾಗದದಲ್ಲಿ ಬರೆದಿಲ್ಲ. ಕೆಲಸಕ್ಕೆ ಸೇರುವಾಗ ಯಾರೂ ಹೇಳುವುದೂ ಇಲ್ಲ. ಮೊದಲ ಸಲ ಪಗಾರ ಕಡಿಮೆ ಬಂದಾಗಲೇ ಗೊತ್ತಾಗುವುದು.

ಜಗಳೂರು ತಾಲ್ಲೂಕಿನ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುವ ಒಬ್ಬಳು ನನ್ನ ಪಕ್ಕದ ಕೌಂಟರಿನಲ್ಲಿದ್ದಳು. ಅವಳ ಚಿಕ್ಕ ಮಗನಿಗೆ ಜ್ವರ ಏರಿತ್ತು. ಹಿಂದಿನ ತಿಂಗಳು ಆಗಲೇ ಪಗಾರ ಕತ್ತರಿಸಿದ್ದರು. ಮತ್ತೆ ಕತ್ತರಿಸಿದರೆ ಸಂಘದ ಸಾಲದ ಕಂತು ಕಟ್ಟುವುದು ಹೇಗೆ ಅಂತ ಮಗನನ್ನು ಅತ್ತೆ ಹತ್ತಿರ ಬಿಟ್ಟು ಕೆಲಸಕ್ಕೆ ಬಂದಳು. ಕೌಂಟರಿನಲ್ಲಿ ಫೋನ್ ಹಿಡಿಯುವ ಹಾಗಿಲ್ಲ. ಬ್ಲೌಸ್ ಪೀಸುಗಳ ಕಟ್ಟಿನ ಕೆಳಗೆ ಇಟ್ಟುಕೊಂಡಿದ್ದಳು. ಅತ್ತೆ ಫೋನ್ ಮಾಡಿದಾಗೆಲ್ಲ ಮೇಲಿನ ಬಟ್ಟೆ ಸಣ್ಣಗೆ ಅದುರುತ್ತಿತ್ತು. ಅವಳು ಅದನ್ನು ನೋಡುತ್ತಲೇ ಗಿರಾಕಿಗೆ ಇನ್ನೊಂದು ಸೀರೆ ಬಿಚ್ಚುತ್ತಿದ್ದಳು, ‘ಈ ಬಾರ್ಡರ್ ನೋಡಿ ಅಕ್ಕಾ’ ಅನ್ನುತ್ತಿದ್ದಳು. ಮಧ್ಯಾಹ್ನ ಊಟದ ಹೊತ್ತಿಗೆ ಗೋಡೌನ್ ಮೆಟ್ಟಿಲ ಮೇಲೆ ಕೂತು ಫೋನ್ ಮಾಡಿದಳು. ಮಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೊರಟಿದ್ದರು. ಅವಳು ಅರ್ಧ ದಿನದ ‘ಎ’ ಹಾಕಿಸಿಕೊಂಡು ಓಡಿದಳು. ಮಗ ಹುಷಾರಾದ. ಆದರೆ ಆ ಬೆಳಗ್ಗೆ ಅವಳು ಅಂಗಡಿಯಲ್ಲಿ ಇರಬೇಕಾದ ಕಾರಣವೇ ಇರಲಿಲ್ಲ.

ಕಾರಣ ಇರಲಿಲ್ಲ ಅಂತ ನಾನು ಸುಮ್ನೆ ಹೇಳುತ್ತಿಲ್ಲ. ಕಾನೂನು ಹಾಗೆ ಹೇಳುತ್ತದೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಬಂದದ್ದು 1961ರಲ್ಲಿ. ಅದರ ಪ್ರಕಾರ ವಾರಕ್ಕೆ ಒಂದು ಪೂರ್ತಿ ದಿನ ರಜೆ, ಅದಕ್ಕೆ ಪಗಾರ ಹಿಡಿಯುವ ಹಾಗಿಲ್ಲ. ದುಡಿದ ಪ್ರತಿ 20 ದಿನಕ್ಕೆ ಒಂದು ದಿನ ಸಂಬಳ ಸಹಿತ ರಜೆ ಸೇರುತ್ತಾ ಹೋಗುತ್ತದೆ, ಅದಕ್ಕೆ ಗಳಿಕೆ ರಜೆ ಅಂತಾರೆ. ಅದಲ್ಲದೆ ಕಾಯಿಲೆ ಬಿದ್ದರೆ ವರ್ಷಕ್ಕೆ 12 ದಿನದವರೆಗೆ ಸಂಬಳದ ಜೊತೆ ರಜೆ. ಉಳಿದ ಗಳಿಕೆ ರಜೆಯನ್ನು ಮುಂದಿನ ವರ್ಷಕ್ಕೆ ಒಯ್ಯಬಹುದು. ಮೊದಲು 30 ದಿನದವರೆಗೆ ಅಂತಿದ್ದದ್ದನ್ನು ಈಗ 45 ದಿನ ಮಾಡಿದ್ದಾರೆ. ಕೆಲಸ ಬಿಟ್ಟು ಹೋಗುವಾಗ ಉಳಿದ ಗಳಿಕೆ ರಜೆಗೆ ದುಡ್ಡು ಕೊಡಬೇಕು. ನಮ್ಮಲ್ಲಿ ಕೆಲಸ ಬಿಟ್ಟ ಎಷ್ಟು ಜನರಿಗೆ ಆ ದುಡ್ಡು ಸಿಕ್ಕಿದೆ? ನಾನು ಕೇಳಿದವರಲ್ಲಿ ಒಬ್ಬರಿಗೂ ಇಲ್ಲ. ಅಂಥದ್ದೊಂದು ಇದೆ ಅಂತ ಗೊತ್ತಿದ್ದವರೇ ಕಡಿಮೆ.

ಇದರ ಜೊತೆಗೆ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಇದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಈ ಐದು ದಿನ, ಮೇಲೆ ಐದು ಹಬ್ಬದ ದಿನ, ಎಲ್ಲ ಸೇರಿ ಹತ್ತು. ಆ ದಿನ ಅಂಗಡಿ ತೆರೆದು ನಮ್ಮಿಂದ ಕೆಲಸ ಮಾಡಿಸಿದರೆ ಎರಡರಷ್ಟು ಸಂಬಳ ಕೊಡಬೇಕು, ಇಲ್ಲವೇ ಆ ದಿನದ ಸಂಬಳದ ಜೊತೆ ಬದಲಿ ರಜೆ ಕೊಡಬೇಕು. ಕನ್ನಡ ರಾಜ್ಯೋತ್ಸವದ ದಿನ ಅಂಗಡಿ ಮುಂದೆ ಬಾವುಟ ಕಟ್ಟಿ, ಪೂಜೆ ಮಾಡಿ, ಸಿಹಿ ಹಂಚಿ, ಆಮೇಲೆ ರಾತ್ರಿಯವರೆಗೆ ವ್ಯಾಪಾರ ಮಾಡುತ್ತೇವೆ. ಸಿಹಿ ಕೊಟ್ಟದ್ದು ಸಂತೋಷ. ಆ ದಿನದ ಬದಲಿ ರಜೆ ಯಾವ ಲೆಕ್ಕಕ್ಕೂ ಬರುವುದಿಲ್ಲ.

ನೀವೇ ಕೂಡಿಸಿ ನೋಡಿ. ವಾರಕ್ಕೊಂದು ರಜೆ, ಹತ್ತು ರಾಷ್ಟ್ರೀಯ ಮತ್ತು ಹಬ್ಬದ ರಜೆ ಬಿಟ್ಟರೆ ವರ್ಷಕ್ಕೆ ಸುಮಾರು 300 ದಿನ ಕೆಲಸ. ಇಪ್ಪತ್ತಕ್ಕೆ ಒಂದರಂತೆ 15 ದಿನ ಗಳಿಕೆ ರಜೆ. ಕಾಯಿಲೆಗೆ 12. ವರ್ಷಕ್ಕೆ 27 ದಿನ ಕೆಂಪು ಶಾಯಿ ಮುಟ್ಟಬಾರದ ದಿನಗಳು. ಜಗಳೂರಿನಿಂದ ಬರುವ ಆ ತಾಯಿ ಮಗನ ಜ್ವರಕ್ಕೆ ಮನೆಯಲ್ಲಿ ಉಳಿಯಲು ಅದರಲ್ಲಿ ಒಂದೇ ಒಂದು ಗಳಿಕೆ ರಜೆ ಸಾಕಿತ್ತು.

ನಮ್ಮ ಊರಿಗೆ ಇದು ಹೊಸ ವಿಷಯವೂ ಅಲ್ಲ. ಒಂದು ಕಾಲಕ್ಕೆ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರು. ನಮ್ಮಪ್ಪ ಕಾಟನ್ ಮಿಲ್ಲಿನಲ್ಲಿ ಶಿಫ್ಟು ಮಾಡಿದವರು. ಅವರ ರಜೆ ಪುಸ್ತಕ ಮನೆಯ ಟ್ರಂಕಿನಲ್ಲಿ ಇನ್ನೂ ಇದೆ. ಬೂದು ಬಣ್ಣದ ರಟ್ಟು, ಒಳಗೆ ಅಡ್ಡ ಗೆರೆ, ಉದ್ದ ಗೆರೆ. ಗಳಿಸಿದ್ದು, ತೆಗೆದುಕೊಂಡದ್ದು, ಉಳಿದದ್ದು, ಕೊನೆಯ ಮನೆಯಲ್ಲಿ ಟೈಂ ಆಫೀಸಿನವರ ಸಹಿ. ಅಪ್ಪ ಹೆಚ್ಚು ಓದಿದವರಲ್ಲ. ಆದರೆ ಆ ಪುಸ್ತಕ ತೆರೆದು, ‘ಇನ್ನೂ ಇಷ್ಟು ದಿನ ಇದೆ, ದುಗ್ಗಮ್ಮನ ಜಾತ್ರೆಗೆ ಬೀಗರನ್ನು ಕರೆಯಬಹುದು’ ಅಂತ ಅಮ್ಮನಿಗೆ ಹೇಳುತ್ತಿದ್ದರು. ಯಾರ ಮುಂದೆಯೂ ಕೈಕಟ್ಟಿ ನಿಲ್ಲಬೇಕಾಗಿರಲಿಲ್ಲ.

ಮಿಲ್ಲಿನವರಿಗೆ ಅದು ತಾನಾಗಿ ಬಂದದ್ದಲ್ಲ. ಬೊಂಬಾಯಿಯ ಗಿರಣಿ ಕೆಲಸಗಾರರನ್ನು ಕಟ್ಟಿಕೊಂಡು ಜ್ಯೋತಿಬಾ ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಹೋರಾಡಿದ ಮೇಲೆ 1890ರಲ್ಲಿ ಅಲ್ಲಿನ ಗಿರಣಿಗಳಿಗೆ ಭಾನುವಾರದ ರಜೆ ಸಿಕ್ಕಿತು. ಸ್ವಾತಂತ್ರ್ಯ ಬಂದ ಮೇಲೆ 1948ರ ಕಾರ್ಖಾನೆ ಕಾಯ್ದೆಯಲ್ಲಿ ಇಪ್ಪತ್ತಕ್ಕೊಂದು ದಿನದ ಸಂಬಳ ಸಹಿತ ರಜೆ ಸೇರಿತು. ನಮ್ಮೂರಿನಲ್ಲಿ ಅದನ್ನು ಕಾಗದದಿಂದ ಇಳಿಸಿ ಜನರ ಕೈಗೆ ಕೊಡಿಸಿದ್ದು ಕಾರ್ಮಿಕ ಸಂಘಗಳು. ಕಾಮ್ರೇಡ್ ಪಂಪಾಪತಿಯವರಂಥ ಕಾರ್ಮಿಕ ನಾಯಕರನ್ನು ಈ ಊರು ಮೂರು ಸಲ ವಿಧಾನಸಭೆಗೆ ಆರಿಸಿ ಕಳಿಸಿತ್ತು. ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಮಿಲ್ ಕಾರ್ಮಿಕರ ಮಕ್ಕಳು ಬಟ್ಟೆ ಅಂಗಡಿ, ಹೋಟೆಲ್ಲು, ನರ್ಸಿಂಗ್ ಹೋಂ, ಮೊಬೈಲ್ ಶಾಪು ಅಂತ ಸೇರಿಕೊಂಡೆವು. ಅಪ್ಪನಿಗೆ ಇದ್ದ ರಜೆ ಪುಸ್ತಕ ಮಗಳಿಗೆ ಇಲ್ಲ. ಅದೇ ಊರು, ಅದೇ ಬಟ್ಟೆ ವ್ಯಾಪಾರ, ಕಾನೂನಿನಲ್ಲಿ ಅದೇ ಇಪ್ಪತ್ತಕ್ಕೊಂದು. ನನಗೆ ಜಾಸ್ತಿ ನೋವಾಗುವುದು ಇಲ್ಲೇ.

ಮಾಲೀಕರೇ, ನಿಮ್ಮ ಮಾತೂ ನನಗೆ ಗೊತ್ತು. ವರ್ಷಗಳಿಂದ ನಿಮ್ಮ ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ನಿಂತಿದ್ದೇನೆ. ನೀವೂ ರಜೆ ಮಾಡುವುದಿಲ್ಲ. ಮಗಳ ಮದುವೆ ಹಿಂದಿನ ದಿನವೂ ಅಂಗಡಿಗೆ ಬಂದು ಬಿಲ್ ನೋಡಿದ ಮಾಲೀಕರನ್ನು ನಾನು ಕಂಡಿದ್ದೇನೆ. ಆನ್‌ಲೈನ್ ಬಂದ ಮೇಲೆ ಗಿರಾಕಿ ಬಂದು, ಬಟ್ಟೆ ಮುಟ್ಟಿ, ಫೋನಿನಲ್ಲಿ ರೇಟು ನೋಡಿ ಎದ್ದು ಹೋಗುತ್ತಾರೆ. ಬಾಡಿಗೆ ಏರಿದೆ, ಕರೆಂಟು ಏರಿದೆ. ಎಲ್ಲ ನಿಜ.

ಆದರೆ ಸಂಬಳ ಸಹಿತ ರಜೆ ಅಂದರೆ ನೀವು ಹೊಸದಾಗಿ ದುಡ್ಡು ತೆಗೆದು ಕೊಡಬೇಕು ಅಂತಲ್ಲ. ತಿಂಗಳ ಪಗಾರ ಇಷ್ಟು ಅಂತ ನೀವೇ ಒಪ್ಪಿದ್ದೀರಿ. ಅದನ್ನು ಹಿಡಿಯದೆ ಇದ್ದರೆ ಸಾಕು. ಒಬ್ಬರು ಇಲ್ಲದ ದಿನ ಉಳಿದವರು ಆ ಕೌಂಟರ್ ನೋಡಿಕೊಳ್ಳುತ್ತೇವೆ, ಈಗಲೂ ನೋಡಿಕೊಳ್ಳುತ್ತಿದ್ದೇವೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ಮಾಡಿಸಿದ್ದರೆ ದೊಡ್ಡ ಕಾಯಿಲೆಯ ಭಾರವೂ ನಿಮ್ಮ ಮೇಲೆ ಬೀಳುವುದಿಲ್ಲ. ತಿಂಗಳಿಗೆ 21,000 ರೂಪಾಯಿವರೆಗೆ ಪಗಾರ ಇರುವವರಿಗೆ ಅದು ಅನ್ವಯಿಸುತ್ತದೆ. ನೀವು ಕಟ್ಟುವುದು ಪಗಾರದ ಶೇ 3.25, ನಾವು ಕಟ್ಟುವುದು ಶೇ 0.75. ಕಾಯಿಲೆ ಬಿದ್ದವರಿಗೆ ವರ್ಷಕ್ಕೆ 91 ದಿನದವರೆಗೆ ಪಗಾರದ ಶೇ 70ರಷ್ಟನ್ನು ವಿಮಾ ನಿಗಮವೇ ಕೊಡುತ್ತದೆ. ನಮ್ಮೂರಿನಲ್ಲೇ ಇಎಸ್‌ಐ ಆಸ್ಪತ್ರೆ ಇದೆ. ಕಾರ್ಡು ಮಾತ್ರ ನಮ್ಮಲ್ಲಿ ಬಹಳ ಜನರ ಹತ್ತಿರ ಇಲ್ಲ.

ಸೀಸನ್ನಿನ ಮಾತೂ ಆಡೋಣ. ದೀಪಾವಳಿ ಮುಂಚಿನ ಎರಡು ವಾರ, ಯುಗಾದಿ ಮುಂಚಿನ ಎರಡು ವಾರ, ಮದುವೆ ಮುಹೂರ್ತ ಜಾಸ್ತಿ ಇರುವ ದಿನಗಳು, ಆಗ ರಜೆ ಕೇಳುವುದಿಲ್ಲ ಅಂತ ನಾವೇ ಒಪ್ಪುತ್ತೇವೆ. ಸಾವು, ಕಾಯಿಲೆ, ಮಕ್ಕಳ ತೊಂದರೆ ಬಿಟ್ಟು. ಪಿತೃಪಕ್ಷದಲ್ಲಿ ಹೊಸ ಬಟ್ಟೆ ಯಾರು ತಗೊಳ್ಳುತ್ತಾರೆ? ಧನುರ್ಮಾಸದಲ್ಲಿ ಮದುವೆ ಇಲ್ಲ. ಆಗ ನಾವು ರ‍್ಯಾಕಿನಿಂದ ಸೀರೆ ಇಳಿಸಿ, ದೂಳು ಹೊಡೆದು, ಮತ್ತೆ ಮಡಚಿ ಇಡುತ್ತಾ ಹೊತ್ತು ಕಳೆಯುತ್ತೇವೆ. ಆ ದಿನಗಳಲ್ಲಿ ಸರದಿ ಮೇಲೆ ಒಬ್ಬೊಬ್ಬರಿಗೆ ನಾಲ್ಕು ದಿನ, ಐದು ದಿನ ಕೊಡಿ. ಅಣ್ಣ ತಮ್ಮಂದಿರ ಮನೆಗೆ ಹೋಗಿ ಬರುತ್ತೇವೆ, ಧರ್ಮಸ್ಥಳಕ್ಕೆ ಹೋಗಿ ಬರುತ್ತೇವೆ, ಸುಮ್ನೆ ಮನೆಯಲ್ಲಿ ಮಲಗುತ್ತೇವೆ. ಜನವರಿಯಲ್ಲೇ ಎಲ್ಲರೂ ಕೂತು ಪಟ್ಟಿ ಬರೆದುಕೊಂಡರೆ ವರ್ಷವಿಡೀ ಜಗಳವೇ ಇಲ್ಲ.

ಇನ್ನೊಂದು ಮಾತು. ಪ್ರತಿ ದೀಪಾವಳಿ ಮುಗಿದ ಮೇಲೆ ಹುಡುಗಿಯರು ಕೆಲಸ ಬಿಟ್ಟು ಹೋಗುತ್ತಾರೆ, ನೀವು ಹೊಸಬರನ್ನು ಹುಡುಕುತ್ತೀರಿ. ಇಳಕಲ್ ಯಾವುದು, ಇಳಕಲ್ ಥರದ್ದು ಯಾವುದು ಅಂತ ಹೊಸಬರಿಗೆ ಗೊತ್ತಾಗಲು ತಿಂಗಳುಗಳು ಬೇಕು. ಗಿರಾಕಿಯ ಮುಖ ನೋಡಿ, ಅವರ ಕೈಯಲ್ಲಿ ಎಷ್ಟಿದೆ ಅಂತ ಅಂದಾಜು ಮಾಡಿ, ಅವರಿಗೆ ಮುಜುಗರ ಆಗದ ಹಾಗೆ ಅಷ್ಟರ ಸೀರೆ ತೆಗೆಯುವುದು ಇನ್ನೂ ನಿಧಾನವಾಗಿ ಬರುವ ಕೆಲಸ. ಹೀಗೆ ಕಲಿತವರು ಅಂಗಡಿ ಬಿಡಲು ಪಗಾರ ಒಂದೇ ಕಾರಣ ಅಲ್ಲ. ‘ಅಲ್ಲಿ ತಿಂಗಳಿಗೆ ಐನೂರು ಕಡಿಮೆ, ಆದರೆ ರಜೆ ಕೊಟ್ಟರೆ ಹಿಡಿಯಲ್ಲವಂತೆ’ ಅಂತ ಹೇಳಿ ಹೋದವರನ್ನು ನಾನು ನೋಡಿದ್ದೇನೆ.

ಹೆಂಗಸರ ವಿಷಯ ಬೇರೆಯಾಗಿಯೇ ಹೇಳಬೇಕು. ಸೀರೆ ಕೌಂಟರಿನಲ್ಲಿ ನಾವೇ ಜಾಸ್ತಿ. ಮುಟ್ಟಿನ ದಿನಗಳಲ್ಲೂ ಬೆಳಗ್ಗೆಯಿಂದ ರಾತ್ರಿವರೆಗೆ ನಿಂತೇ ಇರಬೇಕು. ಕೂರಲು ಸ್ಟೂಲ್ ಇದ್ದರೂ ಗಿರಾಕಿ ಬಂದಾಗ ಕೂತಿದ್ದರೆ ಮ್ಯಾನೇಜರ್ ಕಣ್ಣು ಬಿಡುತ್ತಾರೆ. 2025ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ಮುಟ್ಟಿನ ರಜೆ ನೀತಿಗೆ ಒಪ್ಪಿಗೆ ಕೊಟ್ಟಿತು. ತಿಂಗಳಿಗೆ ಒಂದು ದಿನ, ವರ್ಷಕ್ಕೆ 12 ದಿನ, ಸಂಬಳದ ಜೊತೆಗೆ, ಸರ್ಕಾರಿ ಕೆಲಸದವರಿಗಷ್ಟೇ ಅಲ್ಲ, ಖಾಸಗಿಯವರಿಗೂ. ಆ ಸುದ್ದಿ ಬಂದ ದಿನ ನಾವು ಊಟದ ಹೊತ್ತಿನಲ್ಲಿ ಫೋನಿನಲ್ಲಿ ಓದಿಕೊಂಡು ಖುಷಿಪಟ್ಟೆವು. ಅದರ ಮೇಲೆ ಹೈಕೋರ್ಟಿನಲ್ಲಿ ವಾದ ನಡೆಯಿತು ಅಂತಲೂ ಓದಿದೆವು. ಆದರೆ ನಮ್ಮ ಕಷ್ಟ ಅದಕ್ಕಿಂತ ಮೊದಲಿನದು. 1961ರ ರಜೆಯೇ ಕೈಗೆ ಬಾರದಿದ್ದರೆ 2025ರದ್ದು ಯಾವ ದಾರಿಯಲ್ಲಿ ಬರಬೇಕು? ಬರೆದಿಡುವ ಪುಸ್ತಕವೇ ಇಲ್ಲ. ಹೆರಿಗೆ ರಜೆಯದೂ ಇದೇ ಪಾಡು. ಹತ್ತು ಜನ ಕೆಲಸ ಮಾಡುವ ಅಂಗಡಿಯಲ್ಲಿ 26 ವಾರ ಸಂಬಳ ಸಹಿತ ಹೆರಿಗೆ ರಜೆ ಕೊಡಬೇಕು ಅಂತ 2017ರಿಂದ ಕಾನೂನಿದೆ. ನಮ್ಮಲ್ಲಿ ಹೊಟ್ಟೆ ಕಾಣತೊಡಗಿದರೆ ‘ಮನೆಯಲ್ಲಿ ಆರಾಮಾಗಿ ಇರಮ್ಮ, ಆಮೇಲೆ ಬಾ’ ಅಂತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಪಗಾರ ಅವತ್ತಿಗೇ ನಿಲ್ಲುತ್ತದೆ.

ಈಗ ಕಾರ್ಮಿಕ ಇಲಾಖೆಯವರಿಗೆ. ಅಂಗಡಿಗಳ ನೋಂದಣಿ ನಿಮ್ಮಲ್ಲೇ ಆಗುತ್ತದೆ. ಯಾವ ಅಂಗಡಿಯಲ್ಲಿ ಎಷ್ಟು ಜನ ಅಂತ ಮಾಲೀಕರು ನಿಮಗೆ ಬರೆದುಕೊಟ್ಟಿರುತ್ತಾರೆ. ನೀವು ಬರುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಬಂದಾಗ ಮಾಲೀಕರ ಟೇಬಲ್ಲಿನ ಮುಂದೆ ಕೂತು ಕಾಗದ ನೋಡಿ ಹೋಗುತ್ತೀರಿ. ಕೌಂಟರಿನ ಹತ್ತಿರ ಬಂದು, ‘ಅಮ್ಮಾ, ನಿಮಗೆ ಹೋದ ವರ್ಷ ಎಷ್ಟು ರಜೆ ಬಂತು? ಎಲ್ಲಿ ನಿಮ್ಮ ಕಾರ್ಡು?’ ಅಂತ ಒಂದು ಸಲ ಕೇಳಿ. ಕೇಳುವಾಗ ಮಾಲೀಕರು ಪಕ್ಕದಲ್ಲಿ ಇರದ ಹಾಗೆ ನೋಡಿಕೊಳ್ಳಿ. ಹಾಜರಿ ಪುಸ್ತಕ, ಪಗಾರದ ಲೆಕ್ಕ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಉಳಿದದ್ದು ನಿಮಗೇ ಗೊತ್ತಾಗುತ್ತದೆ.

ಮನಸ್ಸು ಮಾಡಿದರೆ ಆಗುತ್ತದೆ ಅನ್ನುವುದಕ್ಕೆ ಉದಾಹರಣೆ ದೂರ ಹುಡುಕಬೇಕಿಲ್ಲ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನಾಯಿತು. ಎಷ್ಟೋ ವರ್ಷ ಇಂಗ್ಲಿಷಿನಲ್ಲೇ ಇದ್ದ ಬೋರ್ಡುಗಳ ಮೇಲೆ ಕನ್ನಡ ದೊಡ್ಡದಾಗಿ ಬಂತು. ಅದು ಬೇಕಾದದ್ದೇ. ಆ ಬೋರ್ಡಿನ ಕೆಳಗೆ ದುಡಿಯುವ ಕನ್ನಡದವರ ರಜೆಗೂ ಅಷ್ಟೇ ಗಮನ ಕೊಡಿ ಅಂತ ಕೇಳುತ್ತಿದ್ದೇನೆ. ರಜೆ ಕಾರ್ಡಿನ ಒಂದು ಮಾದರಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಅಂಗಡಿಗಳಿಗೆ ಹಂಚಿ. ಅದರ ಹಿಂದೆ ನಾಲ್ಕೇ ಸಾಲಿನಲ್ಲಿ ಕಾನೂನು ಬರೆಯಿರಿ. ದೂರು ಕೊಟ್ಟವರ ಹೆಸರು ಮಾಲೀಕರ ಕಿವಿಗೆ ಬೀಳದ ಹಾಗೆ ಕಾಪಾಡಿ. ಹೆಸರು ಹೊರಗೆ ಬಂದರೆ ಮರುದಿನವೇ ‘ನಾಳೆಯಿಂದ ಬರಬೇಡ’ ಅಂತಾರೆ. ಅದಕ್ಕೇ ನಾನೂ ಇಲ್ಲಿ ಹೆಸರು ಹಾಕಿಲ್ಲ.

2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಎಲ್ಲ ಕೆಲಸಗಾರರಿಗೂ ನೇಮಕಾತಿ ಪತ್ರ ಕೊಡಬೇಕು ಅಂತ ಅದರಲ್ಲಿದೆ. ಕಾರ್ಖಾನೆ ಕಾಯ್ದೆಯಲ್ಲಿ ವರ್ಷಕ್ಕೆ 240 ದಿನ ದುಡಿದವರಿಗೆ ಮಾತ್ರ ಗಳಿಕೆ ರಜೆ ಅಂತಿದ್ದದ್ದು ಹೊಸ ಸಂಹಿತೆಯಲ್ಲಿ 180 ದಿನಕ್ಕೆ ಇಳಿದಿದೆ. ಯಾವುದು ಯಾರಿಗೆ, ಎಷ್ಟು ಜನ ಇರುವ ಅಂಗಡಿಗೆ ಯಾವುದು ಅಂತ ನಮ್ಮಂಥವರಿಗೆ ಬಿಡಿಸಿ ಹೇಳುವವರು ಬೇಕು. ಮಂಡಕ್ಕಿ ಭಟ್ಟಿಯ ಬಿಸಿಯಲ್ಲಿ ರಾತ್ರಿ ಹಗಲು ದುಡಿಯುವವರಿಗೂ, ಬೆಣ್ಣೆ ದೋಸೆ ಹೋಟೆಲ್ಲಿನಲ್ಲಿ ನಸುಕಿಗೆ ಎದ್ದು ಹಿಟ್ಟು ತಿರುವುವವರಿಗೂ ಹೇಳಬೇಕು. ನಮ್ಮ ಊರಿನ ಹೆಸರನ್ನು ರಾಜ್ಯದ ಉದ್ದಕ್ಕೂ ಒಯ್ದವರು ಅವರು. ಅವರಲ್ಲಿ ಎಷ್ಟೋ ಜನರಿಗೆ ವಾರದ ರಜೆಯೂ ಇಲ್ಲ.

ಗಿರಾಕಿಗಳಿಗೂ ಒಂದು ಮಾತು. ನಿಮ್ಮ ಮೇಲೆ ನಮಗೆ ಬೇಜಾರಿಲ್ಲ, ನೀವು ಬಂದರೇ ನಮಗೆ ಪಗಾರ. ಯಾವಾಗಲೂ ಸೀರೆ ತೋರಿಸುವವಳು ಕಾಣದಿದ್ದರೆ ‘ಎಲ್ಲಿ ಆ ಅಕ್ಕ?’ ಅಂತ ಕೇಳುತ್ತೀರಿ. ರಜೆಯಲ್ಲಿದ್ದಾರೆ ಅಂದರೆ, ‘ಬರಲಿ ಬಿಡಿ, ಇನ್ನೊಂದು ದಿನ ಬರ್ತೀವಿ’ ಅಂತ ಮಾಲೀಕರ ಮುಂದೆ ಹೇಳಿ. ಅವರು ನಿಮ್ಮ ಮಾತನ್ನು ನಮ್ಮ ಮಾತಿಗಿಂತ ಬೇಗ ಕೇಳುತ್ತಾರೆ.

ಕೊನೆಗೆ, ವರ್ತಕರ ಸಂಘದವರು ಮತ್ತು ಇಲಾಖೆಯವರು ಒಂದು ಸಭೆ ಕರೆಯಿರಿ. ಒಂದು ಅಂಗಡಿ ಕೊಟ್ಟು ಪಕ್ಕದ ಅಂಗಡಿ ಕೊಡದಿದ್ದರೆ ಕೊಟ್ಟವರಿಗೆ ನಷ್ಟ ಅನ್ನುವ ಭಯ ಮಾಲೀಕರಿಗಿದೆ. ಎಲ್ಲರೂ ಒಟ್ಟಿಗೆ ಶುರು ಮಾಡಿದರೆ ಆ ಭಯ ಇರುವುದಿಲ್ಲ. ಮುಂದಿನ ಜನವರಿ 1ರಿಂದ ರಜೆ ಕಾರ್ಡು ಅಂತ ಆ ಸಭೆಯಲ್ಲಿ ತೀರ್ಮಾನ ಆಗಲಿ, ಅದು ಬರವಣಿಗೆಯಲ್ಲಿ ಬರಲಿ. ಕೆಲಸಗಾರರನ್ನೂ ಕರೆಯಿರಿ, ನಾವು ಬರುತ್ತೇವೆ. ಸಭೆ ಬೆಳಗ್ಗೆ ಎಂಟಕ್ಕೆ ಇಡಿ. ಹತ್ತಕ್ಕೆ ನಾವು ಅಂಗಡಿ ತೆರೆಯಬೇಕು.

ಇತಿ,
ಸೀರೆ ಕೌಂಟರಿನ ಒಬ್ಬ ಕೆಲಸಗಾರ್ತಿ
ದಾವಣಗೆರೆ